ಪೆನ್ಸಿಲಿನಲ್ಲಿ ಬರೆದ ಹೆಸರು

ಮಂಗಳವಾರ ಬೆಳಿಗ್ಗೆ ಹತ್ತೂ ಹತ್ತಕ್ಕೆ ಚರ್ಚಿನ ಫೋನ್ ರಿಂಗಾಯಿತು. ಆ ಹೊತ್ತಿನ ಕರೆ ಸಾಮಾನ್ಯವಾಗಿ ಯಾರದೋ ಸಾವಿನ ಸುದ್ದಿಯಾಗಿರುತ್ತದೆ. ಭಾನುವಾರದ ಆರಾಧನೆಯ ಹಾಳೆಗಳನ್ನು ಮಡಿಸುತ್ತಿದ್ದ ನಾನು, ಹೆಸರು ಬರೆದುಕೊಳ್ಳಲು ಪೆನ್ನು ಹಿಡಿದುಕೊಂಡೇ ಫೋನ್ ಎತ್ತಿದೆ.

“ಮಿಸ್ ಓಪಲ್, ನಾನು ಗೇಲನ್. ಗೇಲನ್ ಪ್ರೂಯಿಟ್.”

“ಯಾರು ಹೋದ್ರಪ್ಪಾ?”

“ಯಾರೂ ಹೋಗಿಲ್ಲ. ಎಲೆಕ್ಷನ್ ಮುಗಿಯೋವರೆಗೂ ಯಾರೂ ಹೋಗ್‌ಬಾರ್ದು ಅಂತ ರಾಯ್ಸ್ ಹೇಳಿದ್ದಾರೆ. ಒಂದೊಂದು ಓಟೂ ಬೇಕಂತೆ.” ತನ್ನ ಮಾತಿಗೆ ತಾನೇ ನಕ್ಕ. ಎಂಟು ವರ್ಷದವನಿದ್ದಾಗ ನನ್ನ ಭಾನುವಾರದ ತರಗತಿಯಲ್ಲಿ ಕುಳಿತು ಹುಡುಗಿಯರ ಜಡೆ ಎಳೆಯುತ್ತಿದ್ದವನು. ಈಗ ಮೂರು ಅವಧಿಯಿಂದ ಕೌಂಟಿಯ ಮೇಯರ್ ಆಗಿರುವ ರಾಯ್ಸ್ ಹೆನ್ಸ್ಲಿಯ ಚುನಾವಣೆಯನ್ನು ನಡೆಸುತ್ತಿದ್ದ. “ಒಂದು ಸಣ್ಣ ವಿಷಯ. ರಾಯ್ಸ್ ಎದುರು ನಿಂತಿರೋ ನೇಡೀನ್ ಕೂಂಬ್ಸ್ ಅವರ ಪ್ರಚಾರದ ಕಾರ್ಡು ನಮ್ಮನೆಗೂ ಬಂತು. ‘ಸೋರಲ್ ಕ್ರೀಕ್ ಬ್ಯಾಪ್ಟಿಸ್ಟ್ ಚರ್ಚಿನ ಸದಸ್ಯೆ, ಇಪ್ಪತ್ತೆರಡು ವರ್ಷಗಳಿಂದ’ ಅಂತಿದೆ. ಹೌದಾ?”

“ಇಪ್ಪತ್ತೆರಡು ವರ್ಷದಿಂದ ಮೂರನೇ ಬೆಂಚಲ್ಲಿ ಕೂರ್ತಾಳೆ. ನಿನ್ನ ಕಣ್ಣಿಗೆ ಬಿದ್ದಿಲ್ಲ ಅಂದ್ರೆ, ನೀನು ಬರೋದು ಈಸ್ಟರ್‌ಗೆ ಮಾತ್ರ ಅಂತಾಯ್ತು.”

“ಬೆಂಚಿನ ಮಾತಲ್ಲ ಮಿಸ್ ಓಪಲ್, ರಿಜಿಸ್ಟರಿನ ಮಾತು. ಅವರ ವರ್ಗಪತ್ರ ಯಾವ ಚರ್ಚಿಂದ ಬಂತು? ಯಾವಾಗ ಬಂತು?”

ನನ್ನ ಕೈಯಲ್ಲಿದ್ದ ಪೆನ್ನು ಮೇಜಿನ ಮೇಲೆ ಉರುಳಿತು.

“ನೋಡಿ ಹೇಳ್ಬೇಕು,” ಎಂದೆ.

“ನೀವ್ಯಾಕೆ ತೊಂದ್ರೆ ತಗೋತೀರಿ? ಶುಕ್ರವಾರ ನಮ್ಮತ್ತೆನ ಕರ್ಕೊಂಡು ಬರ್ತೀನಿ. ಅವರು ನಿಮ್ಮ ಚರ್ಚಿನ ಸದಸ್ಯೆ ತಾನೆ? ಸದಸ್ಯರು ಯಾರು ಬೇಕಾದ್ರೂ ರಿಜಿಸ್ಟರ್ ನೋಡಬಹುದು ಅಂತ ನೀವೇ ಕಲಿಸಿದ್ದು.”

ಕಲಿಸಿದ್ದು ನಿಜ.

ನಮ್ಮಲ್ಲಿ ಒಬ್ಬರು ಊರು ಬದಲಿಸಿ ಹೊಸ ಚರ್ಚಿಗೆ ಸೇರಬೇಕಾದರೆ, ಹಳೆಯ ಚರ್ಚು ಅವರ ನಡತೆಯನ್ನು ಮೆಚ್ಚಿ ಒಂದು ವರ್ಗಪತ್ರವನ್ನು ಕಳುಹಿಸಬೇಕು. ಅದನ್ನು ಕೇಳಿ ಬರೆಯುವುದು, ಬಂದಾಗ ಸಭೆಗೆ ಓದಿ ಹೇಳುವುದು, ಹೆಸರನ್ನು ರಿಜಿಸ್ಟರಿನಲ್ಲಿ ಶಾಯಿಯಿಂದ ದಾಖಲಿಸುವುದು ಗುಮಾಸ್ತೆಯ ಕೆಲಸ. ಸೋರಲ್ ಕ್ರೀಕಿನಲ್ಲಿ ಮೂವತ್ತೊಂದು ವರ್ಷಗಳಿಂದ ಆ ಗುಮಾಸ್ತೆ ನಾನು. ಪತ್ರ ಬರುವ ತನಕ ಹೆಸರು ಪೆನ್ಸಿಲಿನಲ್ಲಿ ಇರುತ್ತದೆ.

ಬಾಗಿಲಿಗೆ ಚಿಲಕ ಹಾಕಿ ಕಪಾಟಿನಿಂದ ರಿಜಿಸ್ಟರನ್ನು ಇಳಿಸಿದೆ. ಪುಟ ಎಂಬತ್ತಾರು. ಮೇಲೆ ನಾಲ್ಕು ಹೆಸರು, ಕೆಳಗೆ ಆರು ಹೆಸರು, ಎಲ್ಲವೂ ನನ್ನ ಕೈಬರಹದ ನೀಲಿ ಶಾಯಿ. ನಡುವೆ ಒಂದೇ ಒಂದು ಸಾಲು ಬೂದುಬಣ್ಣಕ್ಕೆ ತಿರುಗಿತ್ತು: ‘ನೇಡೀನ್ ಕೂಂಬ್ಸ್. ಹಾರ್ನೆಟ್ ರಿಡ್ಜ್ ಚರ್ಚು, ಕೆಂಟಕಿ. ಪತ್ರ ಬರಬೇಕು.’

ಅಷ್ಟು ವರ್ಷ ಆ ಪುಟವನ್ನು ನಾನು ಬೇಗಬೇಗ ತಿರುವುತ್ತ ಬಂದಿದ್ದೆ.

ಇಪ್ಪತ್ತೆರಡು ವರ್ಷಗಳ ಹಿಂದೆ, ಜೂನ್ ತಿಂಗಳ ಒಂದು ಭಾನುವಾರ, ಕೊನೆಯ ಹಾಡಿನ ಮೂರನೆಯ ಚರಣದ ಹೊತ್ತಿಗೆ ಒಬ್ಬ ಹೆಂಗಸು ನಡುದಾರಿಯಲ್ಲಿ ನಡೆದು ಮುಂದೆ ಬಂದಳು. ಸೊಂಟದ ಮೇಲೆ ಕೆಮ್ಮುವ ಮಗು. ದವಡೆಯ ಮೇಲೆ ಹಳದಿಗೆ ತಿರುಗುತ್ತಿದ್ದ ಏಟಿನ ಗುರುತು. ತವರಿನ ಹೆಸರನ್ನೇ ಹೇಳಿ, ಈ ಚರ್ಚಿಗೆ ಸೇರಬೇಕೆಂದಳು. ಸಭೆ ಕೈಯೆತ್ತಿ ಒಪ್ಪಿತು, ವರ್ಗಪತ್ರ ಬಂದ ಮೇಲೆ ಎಂಬ ಷರತ್ತಿನೊಂದಿಗೆ. ನಾನು ಮರುದಿನವೇ ಹಾರ್ನೆಟ್ ರಿಡ್ಜಿಗೆ ಬರೆದೆ.

ಹನ್ನೆರಡು ದಿನಗಳಿಗೆ ಉತ್ತರ ಬಂತು. ಅದು ವರ್ಗಪತ್ರವಾಗಿರಲಿಲ್ಲ.

‘ಮೇ ತಿಂಗಳ ಮೂರನೆಯ ಶನಿವಾರದ ಸಭೆಯಲ್ಲಿ, ಗಂಡನ ಮನೆಯನ್ನು ತೊರೆದು ಹೋದ ಕಾರಣಕ್ಕೆ, ನೇಡೀನ್ ಎಂಬಾಕೆಯನ್ನು ಈ ಚರ್ಚಿನಿಂದ ಬಹಿಷ್ಕರಿಸಲಾಗಿದೆ. ಪತ್ರ ಕೊಡಲು ಬರುವುದಿಲ್ಲ.’ ಕೆಳಗೆ ಸಹಿ: ‘ಎಲ್ಬರ್ಟ್ ಕೂಂಬ್ಸ್, ಗುಮಾಸ್ತ.’

ಆಕೆಯ ತಂದೆ.

ಆ ಕಾಗದವನ್ನು ಸಭೆಯ ಮುಂದೆ ಓದುವುದು ನನ್ನ ಕರ್ತವ್ಯವಾಗಿತ್ತು. ಓದಿದ್ದರೆ ಅವಳು ಎದ್ದು ನಿಂತು, ಗಂಡ ಎಲ್ಲಿ ಹೊಡೆದ, ಯಾತರಿಂದ ಹೊಡೆದ ಎಂದು ನೂರು ಜನರಿಗೆ ಹೇಳಬೇಕಾಗುತ್ತಿತ್ತು. ಮುಂದಿನ ತಿಂಗಳು ಓದೋಣ ಎಂದುಕೊಂಡೆ. ಆ ನಡುವೆ ಒಂದು ಬುಧವಾರ ಪಾತ್ರೆ ತೊಳೆಯುತ್ತ ಅವಳು ತಗ್ಗಿದ ದನಿಯಲ್ಲಿ ಕೇಳಿದಳು, “ಮಿಸ್ ಓಪಲ್, ಬಂತಾ?”

ನಾನು “ಬಂತು” ಎಂದೆ.

ಅವಳು ತೊಟ್ಟಿಯ ಅಂಚನ್ನು ಹಿಡಿದುಕೊಂಡಳು. “ಅಪ್ಪ ಕಳಿಸಿದ್ರಾ! ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಆದ್ರೂ ಕಳಿಸಿದ್ರು,” ಎಂದಳು. ಆ ಮುಖವನ್ನು ನೋಡಿದ ಮೇಲೆ ಹೇಳಿದ್ದನ್ನು ಹಿಂತೆಗೆದುಕೊಳ್ಳುವ ಧೈರ್ಯ ನನಗೆ ಬರಲಿಲ್ಲ. ಕಾಗದ ನನ್ನ ಮನೆಯ ಪಿಯಾನೋ ಪೀಠದೊಳಗೆ, ಹಾಡಿನ ಪುಸ್ತಕಗಳ ಅಡಿಗೆ ಹೋಯಿತು. ಸಭೆಯಲ್ಲಿ ಯಾರೂ ಮತ್ತೆ ಅದರ ಮಾತೆತ್ತಲಿಲ್ಲ; ತಾನಿಲ್ಲದ ದಿನ ಓದಿ ಆಗಿದೆ ಎಂದೇ ಅವಳು ನಂಬಿದಳು.

*

ಬುಧವಾರ ಸಂಜೆಯ ಊಟಕ್ಕೆ ನೇಡೀನ್ ಎರಡು ದೊಡ್ಡ ಟ್ರೇ ತುಂಬ ಚಿಕನ್ ಮತ್ತು ಹಿಟ್ಟಿನ ಉಂಡೆಗಳನ್ನು ಹೊತ್ತು ನಾಲ್ಕು ಗಂಟೆಗೇ ಬಂದಳು. ಹತ್ತೊಂಬತ್ತು ವರ್ಷ ಶಾಲೆಯ ಅಡುಗೆಮನೆಯನ್ನು ನಡೆಸಿದವಳು. ನೂರು ಜನರ ಅಡುಗೆ ಎಂದರೆ ಅವಳಿಗೆ ಉಸಿರಾಡಿದಷ್ಟು ಸುಲಭ. ಬಕ್ ಹಾಲೋ ಸೇತುವೆ ಕೊಚ್ಚಿಹೋಗಿ ಮೂರು ವರ್ಷವಾದರೂ ಶಾಲೆಯ ಬಸ್ಸು ಹನ್ನೊಂದು ಮೈಲಿ ಸುತ್ತಿ ಬರುತ್ತಿತ್ತು. ಮಕ್ಕಳು ಬೆಳಗಿನ ತಿಂಡಿಗೆ ತಡವಾಗಿ ಬಂದು ಹಸಿದುಕೊಂಡೇ ತರಗತಿಗೆ ಹೋಗುವುದನ್ನು ನೋಡಿ ನೋಡಿ, ಒಂದು ದಿನ ಏಪ್ರನ್ ಬಿಚ್ಚಿಟ್ಟು ಹೋಗಿ ಮೇಯರ್ ಚುನಾವಣೆಗೆ ನಾಮಪತ್ರ ಸಲ್ಲಿಸಿದ್ದಳು.

ಇವತ್ತು ಹೇಳಿಬಿಡಬೇಕೆಂದು ನಾನು ನಿಶ್ಚಯಿಸಿದ್ದೆ. ಕಾಗದ ನನ್ನ ಕೈಚೀಲದಲ್ಲಿತ್ತು.

“ನೇಡೀನ್, ಸ್ವಲ್ಪ ಕೂತ್ಕೋ ಮಗಳೇ. ಒಂದು ಮಾತಿದೆ.”

“ನಂದೂ ಒಂದಿದೆ. ಮೊದಲು ನಂದು ಕೇಳಿ.” ಏಪ್ರನ್ ಜೇಬಿನಿಂದ ಮಡಿಸಿದ ಹಾಳೆಯನ್ನು ತೆಗೆದಳು. “ಶನಿವಾರ ಇಲ್ಲಿ ನಡೆಯೋ ಅಭ್ಯರ್ಥಿಗಳ ಸಭೆಗೆ. ರಸ್ತೆ ಬಗ್ಗೆ ಕೇಳ್ಲಿ, ಶಾಲೆ ಬಗ್ಗೆ ಕೇಳ್ಲಿ, ಬಾಯಿಪಾಠ ಹೇಳ್ತೀನಿ. ಆದ್ರೆ ಮೊದಲ ಐದು ನಿಮಿಷ ‘ನನ್ನ ವಿಶ್ವಾಸ’ ಅಂತೆ. ಅಡುಗೆಮನೇಲಿ ನಿಂತು ಪ್ರಾರ್ಥನೆ ಮಾಡೋದು ಗೊತ್ತು. ಮೈಕ್ ಮುಂದೆ ನಿಂತು ಮಾಡಿದ್ರೆ ನನ್ನ ದನಿ ನನಗೇ ಸುಳ್ಳು ಅನ್ಸುತ್ತೆ.”

“ರಾಯ್ಸ್‌ಗೆ ಅನ್ಸಲ್ಲ.”

“ಅವರಿಗೆ ಅಭ್ಯಾಸ ಇದೆ. ಹನ್ನೆರಡನೇ ವಯಸ್ಸಲ್ಲಿ ಹೊಳೇಲಿ ದೀಕ್ಷಾಸ್ನಾನ ಮಾಡಿದ್ದು, ಕಾಲಿಗೆ ಆಮೆ ಕಚ್ಚಿದ್ದು, ಆದ್ರೂ ಕಿರಿಚದೇ ಇದ್ದದ್ದು. ಪ್ರತಿ ಎಲೆಕ್ಷನ್ನಿಗೂ ಆ ಆಮೆ ದೊಡ್ಡದಾಗ್ತಾ ಬರ್ತಿದೆ.”

ನನಗೆ ನಗು ಬಂತು. ಮರುಕ್ಷಣವೇ ಬತ್ತಿಹೋಯಿತು, ಏಕೆಂದರೆ ಅವಳು ಓದತೊಡಗಿದ್ದಳು.

“‘ನನಗೆ ದೊಡ್ಡ ಮಾತು ಬರುವುದಿಲ್ಲ. ಒಂದೇ ಸಂಗತಿ ಹೇಳುತ್ತೇನೆ. ನಾನು ಈ ಊರಿಗೆ ಬಂದಾಗ ನನ್ನ ತಂದೆ ನನ್ನೊಂದಿಗೆ ಮಾತಾಡುತ್ತಿರಲಿಲ್ಲ. ಆದರೆ ಈ ಚರ್ಚು ನನ್ನ ವರ್ಗಪತ್ರ ಕೇಳಿದಾಗ, ಅವರು ಕೈಯಾರೆ ಅದನ್ನು ಬರೆದು ಕಳುಹಿಸಿದರು. ಅವರು ನನ್ನನ್ನು ಕ್ಷಮಿಸಿದ್ದು ಹಾಗೆ. ಕ್ಷಮೆ ಎಂದರೆ ಏನೆಂದು ನಾನು ಕಲಿತದ್ದು ಆ ಕಾಗದದಿಂದ.’” ತಲೆಯೆತ್ತಿದಳು. “ಸಾಕಾ? ತುಂಬಾ ಸ್ವಂತದ್ದಾಯ್ತಾ? ಇದನ್ನ ಯಾರಿಗೂ ಹೇಳಿರ್ಲಿಲ್ಲ. ಅಪ್ಪನ ಶವಪೆಟ್ಟಿಗೆ ಹತ್ರ ನಿಂತಾಗ ಇದನ್ನೇ ನೆನೆಸ್ಕೊಂಡು ಧೈರ್ಯ ತಂದ್ಕೊಂಡಿದ್ದೆ.”

ಒಲೆಯ ಮೇಲಿನ ಸಾರು ಉಕ್ಕಿತು. ಅವಳು ಎದ್ದು ಉರಿ ಸಣ್ಣಗೆ ಮಾಡಿದಳು.

“ನಿಮ್ಮದೇನೋ ಮಾತಿತ್ತಲ್ಲ?”

“ಉಪ್ಪು,” ಎಂದೆ. “ಕಳೆದ ವಾರ ಉಪ್ಪು ಜಾಸ್ತಿಯಾಗಿತ್ತು.”

“ಅದು ಬರ್ನಿಸ್ ಮಾಡಿದ ದಿನ. ನನ್ನ ಮೇಲೆ ಹಾಕ್ಬೇಡಿ!” ಎನ್ನುತ್ತ ಅವಳು ಹಾಳೆಯನ್ನು ಮತ್ತೆ ಜೇಬಿಗೆ ಸೇರಿಸಿದಳು.

*

ಶುಕ್ರವಾರ ಗೇಲನ್ ಬರುವುದು ಮೂರು ಗಂಟೆಗೆ. ನಾನು ಒಂದೂವರೆಗೇ ರಿಜಿಸ್ಟರನ್ನು ಬಿಡಿಸಿಕೊಂಡು ಕುಳಿತಿದ್ದೆ. ಪಕ್ಕದಲ್ಲಿ ಅದೇ ನೀಲಿ ಶಾಯಿ, ಅದೇ ಪೆನ್ನು. ರಬ್ಬರಿನಿಂದ ಆ ಒಂದು ಸಾಲು ಉಜ್ಜಿದರೆ ಸಾಕು. ಶಾಯಿಯಲ್ಲಿ ಹೆಸರು ಬರೆದು, ಮುಂದೆ ‘ಪತ್ರ ಬಂದಿದೆ’ ಎಂದು ಬರೆದರೆ ಸಾಕು. ಹಾರ್ನೆಟ್ ರಿಡ್ಜ್ ಚರ್ಚು ಮುಚ್ಚಿ ಒಂಬತ್ತು ವರ್ಷವಾಗಿತ್ತು. ಅಲ್ಲಿ ಕೇಳುವವರಿಲ್ಲ, ಹೇಳುವವರಿಲ್ಲ. ಎಲ್ಬರ್ಟ್ ಕೂಂಬ್ಸ್ ಮಣ್ಣಾಗಿದ್ದ. ಈ ಊರಿನಲ್ಲಿ ಈ ವಿಷಯ ಬಲ್ಲವಳು ನಾನೊಬ್ಬಳೇ.

ಮುಚ್ಚಳ ತೆಗೆದೆ. ಪೆನ್ನಿನ ಮೊನೆಯನ್ನು ಕಾಗದದ ಹತ್ತಿರಕ್ಕೆ ತಂದೆ. ಬರೆದರೆ ನೇಡೀನ್ ಉಳಿಯುತ್ತಾಳೆ, ಅವಳ ತಂದೆಯ ಕ್ಷಮೆಯೂ ಉಳಿಯುತ್ತದೆ. ಆದರೆ ನಾಳೆ ಅವಳು ಇಡೀ ಕೌಂಟಿಯ ಎದುರು ದೇವರ ಹೆಸರಿನಲ್ಲಿ ಹೇಳುವ ಸುಳ್ಳು ನನ್ನದಾಗಿರುತ್ತದೆ, ಮತ್ತು ಅದು ಸುಳ್ಳೆಂದು ಅವಳಿಗೇ ಗೊತ್ತಿರುವುದಿಲ್ಲ.

ಮೊನೆಯಿಂದ ಒಂದು ಹನಿ ಶಾಯಿ ನನ್ನ ಬೆರಳ ಮೇಲೆ ಬಿತ್ತು. ಒರೆಸಲು ಬಟ್ಟೆ ಹುಡುಕುತ್ತಿದ್ದಾಗ ಬಾಗಿಲು ತಟ್ಟಿದ ಸದ್ದು. ಗಡಿಯಾರದಲ್ಲಿ ಇನ್ನೂ ಎರಡು ಗಂಟೆ.

“ಮುಂಚೆ ಬಂದ್ವಿ, ಬೇಜಾರಿಲ್ಲ ತಾನೆ?” ಗೇಲನ್ ಒಳಬಂದ. ಹಿಂದೆ ಅವನ ಅತ್ತೆ ವಿಲ್ಮಾ ಜೀನ್, ನನ್ನ ವಯಸ್ಸಿನವಳು, ಊರುಗೋಲು ಊರುತ್ತ, ಮುಖ ಗಂಟಿಕ್ಕಿಕೊಂಡು.

“ಓಪಲ್, ನನ್ನ ಕನ್ನಡಕ ಕಾರಲ್ಲೇ ಬಿಡಿಸಿದ ಇವ್ನು. ನಿನ್ನದು ಕೊಡೇ. ಏನ್ ನೋಡ್ಬೇಕೋ ನೋಡಿ ಹೋಗ್ತೀನಿ, ಒಲೆ ಮೇಲೆ ಬೀನ್ಸ್ ಇದೆ.”

ಅವಳು ನನ್ನ ಕನ್ನಡಕ ಹಾಕಿಕೊಂಡು ಬಗ್ಗಿದಳು. ಬೆರಳು ಹೆಸರುಗಳ ಮೇಲೆ ನಿಧಾನವಾಗಿ ಇಳಿಯಿತು. ನಿಂತಿತು.

“ಪೆನ್ಸಿಲ್,” ಎಂದಳು, ಯಾರಿಗೂ ಅಲ್ಲದಂತೆ.

ಗೇಲನ್ ಫೋನ್ ತೆಗೆದು ಪುಟದ ಚಿತ್ರವನ್ನು ಮೂರು ಸಲ ಹಿಡಿದ. “ನಂಗೆ ಖುಷಿ ಇಲ್ಲ ಮಿಸ್ ಓಪಲ್, ನಿಜವಾಗ್ಲೂ. ಆದ್ರೆ ದೇವರ ಮನೆ ಬಗ್ಗೆನೇ ಸುಳ್ಳು ಅಚ್ಚು ಹಾಕ್ಸಿದವರು ಸೇತುವೆ ಬಗ್ಗೆ ಇನ್ನೇನು ಹೇಳ್ತಾರೋ! ಜನ ತಿಳ್ಕೋಬೇಕಲ್ವಾ? ನಾಳೆ ಸಭೇಲಿ ಪ್ರಶ್ನೆಗಳ ಬುಟ್ಟಿಗೆ ಒಂದು ಚೀಟಿ ಹಾಕ್ತೀನಿ, ಅಷ್ಟೇ.”

“ಇದು ಅವಳ ತಪ್ಪಲ್ಲ ಗೇಲನ್.”

“ಹಾಗಾದ್ರೆ ಯಾರದ್ದು?”

ವಿಲ್ಮಾ ಜೀನ್ ಕನ್ನಡಕ ತೆಗೆದು ನನ್ನ ಕೈಗಿಟ್ಟಳು. ನನ್ನ ಬೆರಳಿನ ಶಾಯಿಯನ್ನು ನೋಡಿದಳು, ನನ್ನ ಮುಖವನ್ನು ನೋಡಿದಳು. ಊರುಗೋಲು ಎತ್ತಿಕೊಂಡು ಬಾಗಿಲ ಕಡೆ ತಿರುಗಿದಳು.

ಅವರು ಹೋದೊಡನೆ ನೇಡೀನ್‌ಳ ಮನೆಗೆ ಕಾರು ಓಡಿಸಿದೆ. ಬಾಗಿಲಿಗೆ ಬೀಗ. ಅಂದು ಕೆಮ್ಮುತ್ತಿದ್ದ ಮಗು, ಮಗಳು ಶೆಲ್ಬಿ, ಈಗ ಬೇರೆ ಊರಿನಲ್ಲಿದ್ದಳು; ನೇಡೀನ್ ಅಲ್ಲಿ ಕರಪತ್ರ ಹಂಚಲು ಹೋಗಿದ್ದಾಳೆಂದು ಪಕ್ಕದವರು ಹೇಳಿದರು. ಫೋನ್ ಮಾಡಿದೆ, ಆ ಕಣಿವೆಯಲ್ಲಿ ಸಿಗ್ನಲ್ ಸಿಗುವುದಿಲ್ಲ. ಶನಿವಾರ ಬೆಳಿಗ್ಗೆ ಗೊಬ್ಬರದ ಅಂಗಡಿಯ ಮುಂದೆ ಅವಳನ್ನು ಕಂಡೆ. ಸುತ್ತ ಇಪ್ಪತ್ತು ಗಂಡಸರು, ಮೂರು ಟ್ರಕ್ಕು, ಒಂದು ನಾಯಿ. ಅವಳು ದೂರದಿಂದಲೇ ಕೈಬೀಸಿ, ಎರಡು ಗಂಟೆಗೆ ಸಿಗೋಣ ಎಂಬಂತೆ ಎರಡು ಬೆರಳು ತೋರಿಸಿದಳು.

*

ಒಂದೂ ನಲವತ್ತಕ್ಕೆ ಚರ್ಚಿನ ಊಟದ ಹಾಲ್ ತುಂಬಿಹೋಗಿತ್ತು. ಆಗಸ್ಟಿನ ಸೆಕೆ. ಜನರು ಅಭ್ಯರ್ಥಿಗಳು ಹಂಚಿದ ರಟ್ಟಿನ ಬೀಸಣಿಗೆಗಳಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಒಂದು ಸಾಲಿನಲ್ಲಿ ರಾಯ್ಸ್‌ನ ಮುಖ ಅಲ್ಲಾಡುತ್ತಿತ್ತು, ಮುಂದಿನ ಸಾಲಿನಲ್ಲಿ ನೇಡೀನ್‌ಳ ಹೆಸರು. ವೇದಿಕೆಯ ಮೂಲೆಯಲ್ಲಿ ಪ್ರಶ್ನೆಯ ಚೀಟಿಗಳ ಬುಟ್ಟಿ ಇತ್ತು. ಗೇಲನ್ ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡಿದ್ದ.

ನೇಡೀನ್ ಅಡುಗೆಮನೆಯಲ್ಲಿದ್ದಳು. ಒಳ್ಳೆಯ ನೀಲಿ ಉಡುಪಿನ ಮೇಲೆ ಏಪ್ರನ್ ಕಟ್ಟಿಕೊಂಡು ಪೀಚ್ ಕಡುಬನ್ನು ಚೌಕ ಚೌಕವಾಗಿ ಕತ್ತರಿಸುತ್ತಿದ್ದಳು. ನಾನು ಬಾಗಿಲು ಮುಚ್ಚಿದೆ.

“ವರ್ಗಪತ್ರ ಬರ್ಲಿಲ್ಲ ನೇಡೀನ್.”

“ಯಾವುದು?”

“ನಿನ್ನದು. ಯಾವತ್ತೂ ಬರ್ಲಿಲ್ಲ. ಬಂದಿದ್ದು ಇದು. ನಾನು ಬಚ್ಚಿಟ್ಟೆ. ನೀನು ಕೇಳಿದಾಗ ಬಂತು ಅಂದೆ. ಗೇಲನ್ ರಿಜಿಸ್ಟರ್ ನೋಡಿದ್ದಾನೆ, ಇವತ್ತು ಎಲ್ಲರ ಮುಂದೆ ಕೇಳ್ತಾನೆ.”

ಕಾಗದವನ್ನು ಚಾಚಿದೆ. ಅವಳು ಚಾಕುವನ್ನು ಕೆಳಗಿಟ್ಟು, ಕೈಗಳನ್ನು ಏಪ್ರನ್ನಿಗೆ ಚೆನ್ನಾಗಿ ಒರೆಸಿಕೊಂಡು, ಅದನ್ನು ಎರಡೂ ಕೈಯಿಂದ ತೆಗೆದುಕೊಂಡಳು. ಓದಿದಳು. ಮುಖದಿಂದ ಬಣ್ಣ ಇಳಿಯುವುದನ್ನು ನಾನು ನೋಡುತ್ತ ನಿಂತೆ.

“ಇದು ಅಪ್ಪನ ಅಕ್ಷರ.”

“ಹೌದು.”

“‘ಎಂಬಾಕೆ’ ಅಂತ ಬರ್ದಿದ್ದಾರೆ. ಮಗಳು ಅಂತಲೂ ಬರೀಲಿಲ್ಲ.” ದನಿಯಲ್ಲಿ ಏನೂ ಇರಲಿಲ್ಲ. “ಆ ಪೆಟ್ಟಿಗೆ ಮುಂದೆ ನಿಂತು ನಾನು ‘ಥ್ಯಾಂಕ್ಸ್ ಅಪ್ಪಾ’ ಅಂದೆ ಮಿಸ್ ಓಪಲ್. ಸುತ್ತ ನಿಂತವರಿಗೆಲ್ಲ ಇದು ಗೊತ್ತಿತ್ತು. ನನ್ನೊಬ್ಬಳಿಗೆ ಗೊತ್ತಿರ್ಲಿಲ್ಲ.”

ಹೊರಗೆ ಮೈಕ್ ಕಿರುಚಿತು, ಪಾದ್ರಿ ಬ್ರದರ್ ಡೇಲ್ ಎಲ್ಲರನ್ನೂ ಸ್ವಾಗತಿಸತೊಡಗಿದರು. ಅವಳು ಕಾಗದವನ್ನು ಮಡಿಸಲು ಹೋದಳು. ತಟ್ಟನೆ ನಿಂತು, ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು.

“ಕೆಳಗೆ ಇನ್ನೊಂದು ಸಾಲಿದೆ.”

ಇತ್ತು. ನಾನು ಅದನ್ನು ಆವತ್ತೇ ಓದಿದ್ದೆ. ಸಹಿಯ ಕೆಳಗೆ, ಹಾಳೆಯ ಅಂಚಿಗೆ ಒತ್ತಿಕೊಂಡು, ಬೇರೆ ಹೊತ್ತಿನಲ್ಲಿ ಬರೆದಂತೆ, ಪುಟ್ಟ ಪೆನ್ಸಿಲ್ ಅಕ್ಷರಗಳು: ‘ಮಗುವಿನ ಕೆಮ್ಮು ಹೋಯಿತೇ?’

ಅದನ್ನು ತೋರಿಸಬೇಕೆಂದರೆ ಉಳಿದದ್ದನ್ನೂ ತೋರಿಸಬೇಕಿತ್ತು. ಹಾಗಾಗಿ ಎರಡನ್ನೂ ಮುಚ್ಚಿಟ್ಟಿದ್ದೆ. ಪಿಯಾನೋ ಪೀಠದ ಕತ್ತಲಲ್ಲಿ ಒಬ್ಬ ಅಜ್ಜನ ಪ್ರಶ್ನೆ ಇಪ್ಪತ್ತೆರಡು ವರ್ಷ ಉತ್ತರವಿಲ್ಲದೆ ಬಿದ್ದಿತ್ತು, ಕೇಳಿದವನು ಅದರಲ್ಲಿ ಆರು ವರ್ಷ ಬದುಕಿದ್ದ.

“ನೀವು ಉತ್ತರ ಬರೆದ್ರಾ?” ಎಂದು ನೇಡೀನ್ ಕೇಳಿದಳು.

“ಇಲ್ಲ.”

ಅವಳು ನನ್ನನ್ನು ನೋಡಿದ ನೋಟವನ್ನು ವರ್ಣಿಸಲಾರೆ. “ಬ್ರದರ್ ರಾಯ್ಸ್ ಹೆನ್ಸ್ಲಿ!” ಎಂದು ಹೊರಗೆ ಕೂಗಿದರು, ಚಪ್ಪಾಳೆ ಬಿತ್ತು. ಅವಳು ಏಪ್ರನ್ ಬಿಚ್ಚಿ, ಕಾಗದವನ್ನು ಉಡುಪಿನ ಜೇಬಿಗೆ ಹಾಕಿಕೊಂಡು ನನ್ನನ್ನು ದಾಟಿ ಹೋದಳು.

*

ಆಮೆ ಈ ಸಲ ಅನ್ನದ ತಟ್ಟೆಯಷ್ಟು ದೊಡ್ಡದಾಗಿತ್ತು. ಜನ ನಕ್ಕರು, ಕೊನೆಗೆ ಕಣ್ಣೊರೆಸಿಕೊಂಡರು. ರಾಯ್ಸ್ ಕೈಮೇಲೆತ್ತಿ, “ನನ್ನ ಹೆಸರು ಎರಡು ಪುಸ್ತಕದಲ್ಲಿದೆ. ಒಂದು ಮೇಲಿದೆ, ಇನ್ನೊಂದು ನನ್ನ ಚರ್ಚಲ್ಲಿದೆ. ಎರಡೂ ಶಾಯೀಲೇ ಬರ್ದಿದೆ!” ಎಂದು ಮುಗಿಸಿದ. ಗೇಲನ್ ನೆಲ ನೋಡಿಕೊಂಡು ಮುಗುಳ್ನಕ್ಕ.

ನೇಡೀನ್ ಮೈಕಿನ ಮುಂದೆ ಬಂದು ನಿಂತಳು. ನಾನು ಅಡುಗೆಮನೆಯ ಬಾಗಿಲಿಗೆ ಒರಗಿದ್ದೆ. ಅವಳ ಎಡಗೈ ಜೇಬಿನ ಮೇಲಿತ್ತು.

ಆ ಜೇಬಿನಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತು. ಹೊಡೆದ ಗಂಡ, ಹೊರಹಾಕಿದ ತಂದೆ, ಅದೇ ತಂದೆಯ ಪೆನ್ಸಿಲಿನ ಒಂದು ಸಾಲು. ಅದನ್ನು ಓದಿಬಿಟ್ಟರೆ ಸಾಕು, ಆ ಹಾಲಿನಲ್ಲಿ ಒಂದು ಕಣ್ಣೂ ಒಣಗಿ ಉಳಿಯುತ್ತಿರಲಿಲ್ಲ; ರಾಯ್ಸ್‌ನ ಆಮೆ ಅಲ್ಲೇ ಸಾಯುತ್ತಿತ್ತು. ಓದು ಮಗಳೇ, ಎಂದು ಒಳಗೊಳಗೇ ಬೇಡಿಕೊಂಡೆ.

“ಐದು ನಿಮಿಷ ಕೊಟ್ಟಿದ್ದೀರಿ,” ಎಂದು ಆರಂಭಿಸಿದಳು. “ನಂಗೆ ಅಷ್ಟು ಬೇಡ. ನಿಮ್ಮನೆಗೆಲ್ಲ ಒಂದು ಕಾರ್ಡು ಕಳಿಸಿದ್ದೀನಿ. ಅದ್ರಲ್ಲಿ ಒಂದು ಸಾಲು ತಪ್ಪು. ನಾನು ಸೋರಲ್ ಕ್ರೀಕ್ ಚರ್ಚಿನ ಸದಸ್ಯೆ ಅಲ್ಲ. ನನ್ನ ವರ್ಗಪತ್ರ ಬಂದಿಲ್ಲ. ಅಚ್ಚು ಹಾಕ್ಸುವಾಗ ನಂಗಿದು ಗೊತ್ತಿರ್ಲಿಲ್ಲ, ಈಗ ಗೊತ್ತಾಯ್ತು. ಬುಟ್ಟೀಲಿ ಅದರ ಬಗ್ಗೆ ಚೀಟಿ ಇದ್ರೆ ತೆಗೆದಿಡಿ, ಉತ್ತರ ಕೊಟ್ಟಾಯ್ತು.”

ಬೀಸಣಿಗೆಗಳು ನಿಂತವು. ಗೇಲನ್ ಕುರ್ಚಿಯಿಂದ ಅರ್ಧ ಎದ್ದ. “ಗೊತ್ತಿರ್ಲಿಲ್ವಾ? ಇಪ್ಪತ್ತೆರಡು ವರ್ಷನಾ? ಬಾಯಲ್ಲಿ ಏನು ಬೇಕಾದ್ರೂ ಹೇಳ್ಬಹುದಮ್ಮಾ! ಮತ್ತೆ ಯಾರಿಗೆ ಗೊತ್ತಿತ್ತು?”

ನೇಡೀನ್ ಬಾಯಿ ತೆರೆಯಲಿಲ್ಲ. ನನ್ನ ಕಡೆಗೆ ತಿರುಗಿಯೂ ನೋಡಲಿಲ್ಲ. ಅವಳು ನನ್ನ ಹೆಸರು ಹೇಳುವುದಿಲ್ಲ ಎಂಬುದು ನನಗೆ ಅರ್ಥವಾಯಿತು.

“ನಂಗೆ ಗೊತ್ತಿತ್ತು,” ಎಂದೆ. ನನ್ನ ದನಿ ಯಾರದೋ ದನಿಯಂತೆ ಕೇಳಿಸಿತು. “ಪತ್ರ ಬರ್ಲಿಲ್ಲ. ಬಂತು ಅಂತ ಅವಳಿಗೆ ಸುಳ್ಳು ಹೇಳಿದ್ದು ನಾನು. ರಿಜಿಸ್ಟರ್ ನಂದು, ತಪ್ಪೂ ನಂದು. ಆದ್ರೆ ಅವಳ ತಂದೆ ಬರೆದಿದ್ದು—”

ಆಗ ನೇಡೀನ್ ತಿರುಗಿದಳು. ಜೇಬಿನ ಮೇಲಿದ್ದ ಕೈ ಬಿಗಿಯಾಯಿತು. ತಲೆಯನ್ನು ಒಂದೇ ಒಂದು ಸಲ, ಬೇಡ ಎಂಬಂತೆ, ಅಲ್ಲಾಡಿಸಿದಳು.

ನಾನು ಬಾಯಿ ಮುಚ್ಚಿಕೊಂಡೆ.

“ಇನ್ನು ಸೇತುವೆ ಬಗ್ಗೆ ಕೇಳಿ,” ಎಂದಳು ನೇಡೀನ್ ಮೈಕಿಗೆ.

ಬ್ರದರ್ ಡೇಲ್ ಬುಟ್ಟಿಗೆ ಕೈಹಾಕಿದರು. ಮೊದಲು ಬಂದ ಚೀಟಿಯನ್ನು ನೋಡಿ, ಮಡಿಸಿ, ಅಂಗಿಯ ಜೇಬಿಗಿಟ್ಟುಕೊಂಡರು. ಎರಡನೆಯದನ್ನು ತೆಗೆದರು.

*

ಭಾನುವಾರ ನೇಡೀನ್ ಮೂರನೇ ಬೆಂಚಿನಲ್ಲಿ ಇರಲಿಲ್ಲ. ಆ ಬೆಂಚಿನಲ್ಲಿ ಬೇರೆ ಯಾರೂ ಕೂರಲೂ ಇಲ್ಲ. ಬರುವಾಗ ದಾರಿಯಲ್ಲಿ ಎಣಿಸಿದ್ದೆ: ಅವಳ ಹೆಸರಿನ ಫಲಕಗಳು ಆರು ಮನೆಗಳ ಅಂಗಳದಿಂದ ಮಾಯವಾಗಿದ್ದವು. ವಿಲ್ಮಾ ಜೀನ್‌ಳ ಅಂಗಳದಲ್ಲಿ ಒಂದು ಹೊಸದಾಗಿ ಬಂದಿತ್ತು, ಅಳಿಯನ ಟ್ರಕ್ಕಿಗೆ ಎದುರಾಗಿಯೇ ನೆಟ್ಟಿತ್ತು. ಮತದಾನಕ್ಕೆ ಇನ್ನು ನಾಲ್ಕು ದಿನವಿತ್ತು.

ಕೊನೆಯ ಹಾಡು ಶುರುವಾಯಿತು. ಮೂರನೆಯ ಚರಣ ಬಂದಾಗ ನಾನು ನಡುದಾರಿಯನ್ನೇ ನೋಡುತ್ತಿದ್ದೆ. ಯಾರೂ ಬರಲಿಲ್ಲ. ಹಾಡು ಮುಗಿದು ಜನ ಏಳುವಾಗ ಕಂಡಿತು: ಬಾಗಿಲ ಬಳಿಯ ಕಡೆಯ ಬೆಂಚಿನಲ್ಲಿ, ಹೊಸಬರು ಕೂರುವಲ್ಲಿ, ನೇಡೀನ್ ಕುಳಿತಿದ್ದಳು. ಮೊಣಕಾಲ ಮೇಲೆ ಹಾಡಿನ ಪುಸ್ತಕವನ್ನಿಟ್ಟುಕೊಂಡು ಏನೋ ಬರೆಯುತ್ತಿದ್ದಳು. ನಾನು ಹತ್ತಿರ ತಲುಪುವಷ್ಟರಲ್ಲಿ ಹೊರಟುಹೋಗಿದ್ದಳು.

ಬೆಂಚಿನ ಮೇಲೆ ಅತಿಥಿಗಳ ಕಾರ್ಡು ಇತ್ತು. ಹೊಸಬರು ಅದನ್ನು ತುಂಬಿ ಗುಮಾಸ್ತೆಗೆ ಕೊಡುವುದು ಪದ್ಧತಿ. ಹೆಸರು, ವಿಳಾಸ ಬರೆದಿದ್ದಳು. ‘ನಿಮ್ಮ ಚರ್ಚು’ ಎಂಬಲ್ಲಿ ಖಾಲಿ. ‘ನಮ್ಮವರು ಯಾರಾದರೂ ನಿಮ್ಮ ಮನೆಗೆ ಬರಬೇಕೆ?’ ಎಂಬಲ್ಲಿ ಗುರುತು ಹಾಕಿ, ಪಕ್ಕದಲ್ಲಿ ಬರೆದಿದ್ದಳು: ‘ಗುಮಾಸ್ತೆ ಮಾತ್ರ. ಚರ್ಚಿನ ಕಾಗದ, ಪೆನ್ನು ತರಲಿ.’

ಸೋಮವಾರ ಹತ್ತು ಗಂಟೆಗೆ ಹೋದೆ. ಏನು ಬರೆಸುತ್ತಾಳೆಂದು ರಾತ್ರಿಯಿಡೀ ಯೋಚಿಸಿದ್ದೆ. ನನ್ನ ರಾಜೀನಾಮೆಯೇ? ಪತ್ರಿಕೆಗೆ ಕೊಡುವ ತಪ್ಪೊಪ್ಪಿಗೆಯೇ? ಏನು ಹೇಳಿದರೂ ಬರೆದು ಸಹಿ ಹಾಕಲು ಸಿದ್ಧಳಾಗಿದ್ದೆ.

ಅವಳು ಕೂರಿ ಎನ್ನಲಿಲ್ಲ. ಆದರೆ ಅಡುಗೆಮನೆಯ ಮೇಜಿನ ಕುರ್ಚಿಯೊಂದನ್ನು ಹೊರಗೆಳೆದಿಟ್ಟಿದ್ದಳು. ಮೇಜಿನ ಮೇಲೆ ತಂದೆಯ ಕಾಗದವಿತ್ತು.

“ನಿಮ್ಮನ್ನ ಕ್ಷಮಿಸಿದ್ದೀನಿ ಅಂತ ತಿಳ್ಕೋಬೇಡಿ,” ಎಂದಳು. “ಅದು ಆಗುತ್ತೋ ಇಲ್ವೋ ನಂಗೇ ಗೊತ್ತಿಲ್ಲ. ಇದು ಬೇರೆ. ಒಂದು ಚರ್ಚಿನ ಗುಮಾಸ್ತರು ಇನ್ನೊಂದು ಚರ್ಚಿನ ಗುಮಾಸ್ತರನ್ನ ಏನೋ ಕೇಳಿದ್ರು. ಉತ್ತರ ಹೋಗಿಲ್ಲ. ಅದು ನಿಮ್ಮ ಕೆಲಸ.”

“ಅವರಿಲ್ಲವಲ್ಲ ಮಗಳೇ. ಆ ಚರ್ಚೂ ಇಲ್ಲ.”

“ಸಮಾಧಿ ಇದೆ. ಶೆಲ್ಬಿಗೆ ಗುರುವಾರ ರಜ. ಓಟು ಹಾಕಿ ಇಬ್ಬರೂ ಹೋಗ್ತೀವಿ. ಬರೀರಿ.”

ಚರ್ಚಿನ ಹೆಸರು ಅಚ್ಚಾಗಿದ್ದ ಹಾಳೆಯನ್ನು ನೇರಮಾಡಿ ಇಟ್ಟುಕೊಂಡೆ. ಪೆನ್ನಿನ ಮುಚ್ಚಳ ತೆಗೆದೆ. ಬರೆಯತೊಡಗಿದೆ: ಹಾರ್ನೆಟ್ ರಿಡ್ಜ್ ಚರ್ಚಿನ ಗುಮಾಸ್ತರಾದ ಎಲ್ಬರ್ಟ್ ಕೂಂಬ್ಸ್ ಅವರಿಗೆ. ತಮ್ಮ ಪತ್ರ ತಲುಪಿತು. ಉತ್ತರ ತಡವಾದದ್ದಕ್ಕೆ ಹೊಣೆ ನನ್ನದು.

“ಮುಂದೆ?” ಎಂದೆ.

ನೇಡೀನ್ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು.

“ಆ ವರ್ಷ ಜುಲೈ ಹೊತ್ತಿಗೇ ಕೆಮ್ಮು ಪೂರ್ತಿ ಹೋಯ್ತು ಅಂತ ಬರೀರಿ,” ಎಂದಳು. “ಶಾಯೀಲಿ.”